ಹಿನ್ನೆಲೆ ಸೇವೆಗಳ ಸಕ್ರಿಯತಾ ಮೀಮಾಂಸೆ: ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳನ್ನು ವಿಶೇಷವಾಗಿ ಅನುಲಕ್ಷಿಸಿ

ಪ್ರಸ್ತುತ ಅಧ್ಯಯನದ ವ್ಯಾಪ್ತಿಯು ಆಜ್ಞಾಸಾಲಿನ ಉಪಕರಣಗಳಿಗೆ, ಎಂದರೆ ಚಿತ್ರವಾಗಲಿ ಗುಂಡಿಯಾಗಲಿ ಮೌಸಾಗಲಿ ಇಲ್ಲದೆ ಕಪ್ಪು ಪರದೆಯ ಮೇಲೆ ಅಕ್ಷರ ಬರೆದೇ ಗಣಕಯಂತ್ರಕ್ಕೆ ಅಪ್ಪಣೆ ಕೊಡುವ ಸಾಧನಗಳಿಗೆ ಸೀಮಿತವಾಗಿದ್ದು, ಅವುಗಳ ಪೈಕಿಯೂ ಕರ್ನೆಲ್ ನಿರ್ವಹಣೆ ಮತ್ತು ಹಿನ್ನೆಲೆ ಸೇವೆಗಳ ಪರೀಕ್ಷೆ ಎಂಬೆರಡು ಶಾಖೆಗಳನ್ನು ಉತ್ತರ ಕನ್ನಡದ ಮೂರು ಕರಾವಳಿ ತಾಲೂಕುಗಳ ಸಾಮಾಜಿಕ, ಭೌಗೋಳಿಕ, ಹವಾಮಾನಾತ್ಮಕ ಹಾಗೂ ಸರದಿಸಾಲಾತ್ಮಕ ನೆಲೆಗಳಲ್ಲಿ ಪರಾಮರ್ಶಿಸುವುದು ಇದರ ಘನ ಉದ್ದೇಶವಾಗಿರುತ್ತದೆ. ಅಧ್ಯಯನದ ಪ್ರಾಕ್ಕಲ್ಪನೆಯು ಒಂದೇ: ಯಂತ್ರವು ತಾನು ಚೆನ್ನಾಗಿದ್ದೇನೆಂದು ಹೇಳಿದರೆ ಯಂತ್ರವು ಚೆನ್ನಾಗಿದೆ. ಇದು ಜ್ಞಾನದ ಪ್ರಾಮಾಣ್ಯ ಜ್ಞಾನದಲ್ಲೇ ಅಡಗಿದೆಯೆಂಬ ಮೀಮಾಂಸಕರ ಸ್ವತಃಪ್ರಾಮಾಣ್ಯವಾದದ ಸಮೀಪಕ್ಕೆ ಬರುತ್ತದಾದರೂ, ಮೀಮಾಂಸಕರು ಇಷ್ಟು ಧೈರ್ಯ ಮಾಡಿದವರಲ್ಲ. ನೀರೆಂದು ಕಂಡದ್ದು ನೀರೇ ಹೌದೆಂಬುದು ಕುಡಿದು ಬಾಯಾರಿಕೆ ಇಂಗಿದ ಮೇಲಷ್ಟೇ ಖಾತ್ರಿಯಾಗುತ್ತದೆಂಬ ನೈಯಾಯಿಕರ ಆಕ್ಷೇಪವನ್ನು ಸದ್ಯಕ್ಕೆ ಸಾಲಿನ ಕೊನೆಯಲ್ಲಿ ನಿಲ್ಲಿಸಲಾಗಿದೆ. ಅವರ ಸರದಿ ಬಂದಾಗ ಕರೆಯಲಾಗುವುದು.

ಕರ್ನೆಲ್ ಎಂಬುದು ಯಂತ್ರದ ಲೋಹಕ್ಕೂ ಅದರ ಮೇಲೆ ನಡೆಯುವ ತಂತ್ರಾಂಶಕ್ಕೂ ನಡುವೆ ಕುಳಿತು ಸ್ಮೃತಿ, ಕಾಲ, ಕಡತಗಳನ್ನು ಹಂಚುವ ಅಧಿಕಾರಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಕರ್ನೆಲ್ ಇಂದು ಜಗತ್ತಿನ ಬಹುಪಾಲು ಸರ್ವರುಗಳನ್ನೂ ಕಿಸೆಗಳಲ್ಲಿರುವ ಆಂಡ್ರಾಯ್ಡ್ ಫೋನುಗಳನ್ನೂ ಆಳುತ್ತಿದೆ. ಈ ಅಧಿಕಾರಿಯ ವಿಷಯದಲ್ಲಿ ಗಮನಾರ್ಹವಾದ ಸಂಗತಿಯೆಂದರೆ ನೇಮಕಾತಿ ಬೇರೆ, ಅಧಿಕಾರ ಸ್ವೀಕಾರ ಬೇರೆ. ಹೊಸ ಕರ್ನೆಲನ್ನು ಯಂತ್ರದೊಳಗೆ ಇಳಿಸಿದ ಮಾತ್ರಕ್ಕೆ ಅದು ಆಳುವುದಿಲ್ಲ. ಯಂತ್ರವನ್ನು ಆರಿಸಿ ಹೊತ್ತಿಸುವ ತನಕ ಹಳಬನೇ ಕುರ್ಚಿಯಲ್ಲಿರುತ್ತಾನೆ. ಆಳುತ್ತಿರುವವನ ಹೆಸರು ಕೇಳಲು ಯುನೇಮ್ ಎಂಬ ಆಜ್ಞೆಯೂ, ನೇಮಕಗೊಂಡವರೆಲ್ಲರ ಪಟ್ಟಿ ತೆಗೆಯಲು ಡಿಪಿಕೆಜಿಯಂಥ ಆಜ್ಞೆಯೂ ಬೇರೆ ಬೇರೆ ಇರುವುದು ಈ ಕಾರಣಕ್ಕೇ. ಹಳಬರನ್ನು ಹೊರಹಾಕಲು ಎಪಿಟಿ ಆಟೋರಿಮೂವ್ ಎಂಬುದಿದೆಯಾದರೂ ಅದನ್ನು ಬಳಸುವವರು ವಿರಳವಾದ್ದರಿಂದ, ಬೂಟ್ ಎಂಬ ಸಣ್ಣ ಕೋಣೆಯಲ್ಲಿ ನಿವೃತ್ತ ಕರ್ನೆಲುಗಳು ತುಂಬಿಕೊಂಡು, ಹೊಸದು ಬಂದಾಗ ಕಾಲಿಡಲು ಜಾಗವಿಲ್ಲದೆ ಅನುಸ್ಥಾಪನೆ ಅರ್ಧಕ್ಕೇ ನಿಲ್ಲುತ್ತದೆ.

ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಮೂರು ತಾಲೂಕುಗಳಲ್ಲಿ ಪಟ್ಟಾಭಿಷೇಕದ ಸಮಸ್ಯೆಗೆ ಪ್ರಕೃತಿಯೇ ಪರಿಹಾರ ಒದಗಿಸಿದೆ. ಜೂನ್ ತಿಂಗಳ ಗಾಳಿಗೆ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ಸಾಕು, ಯುಪಿಎಸ್ ಕೂಗಾಡಿ ಸುಮ್ಮನಾಗುತ್ತದೆ, ಯಂತ್ರ ಆರುತ್ತದೆ, ವಿದ್ಯುತ್ತು ಮರಳಿದಾಗ ತಿಂಗಳುಗಟ್ಟಲೆ ಕಾದಿದ್ದ ಕರ್ನೆಲ್ ಸಿಂಹಾಸನವೇರುತ್ತದೆ. ಏರಿದೊಡನೆ ಹಿಂದಿನ ಕರ್ನೆಲಿಗೆಂದು ಕಟ್ಟಿದ್ದ ಚಾಲಕ ತಂತ್ರಾಂಶವನ್ನು ಗುರುತಿಸಲು ನಿರಾಕರಿಸುತ್ತದೆ. ಇದಕ್ಕೆ ಪ್ರಸ್ತುತ ಪ್ರಬಂಧವು 'ಮಾರುತಪ್ರೇರಿತ ಕರ್ನೆಲ್ ಸಂಕ್ರಮಣ'ವೆಂದು ನಾಮಕರಣ ಮಾಡಿ, ಮುಂದಿನ ಸಂಶೋಧಕರಿಗೆ ಪಿಎಚ್‌.ಡಿ. ವಿಷಯವಾಗಿ ಬಿಟ್ಟುಕೊಡುತ್ತದೆ.

ಇನ್ನು ಹಿನ್ನೆಲೆ ಸೇವೆ. ಪರದೆಯ ಮೇಲೆ ಕಾಣಿಸಿಕೊಳ್ಳದೆ, ಕೋರಿಕೆ ಬಂದಾಗ ಉತ್ತರಿಸಲು ಸದಾ ಎಚ್ಚರವಿರುವ ತಂತ್ರಾಂಶಕ್ಕೆ ಈ ಹೆಸರು. ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ಪ್ರದೇಶದಲ್ಲಿ ಈ ಪರಿಕಲ್ಪನೆಯನ್ನು ವಿವರಿಸುವುದು ಸುಲಭ: ಇದು ಹಿಮ್ಮೇಳ. ಭಾಗವತ, ಮದ್ದಳೆ, ಚೆಂಡೆಗಳಿಲ್ಲದೆ ಮುಮ್ಮೇಳದ ವೇಷ ಒಂದು ಹೆಜ್ಜೆ ಇಡಲಾರದು. ಆದರೆ ಹೋಲಿಕೆ ಇಲ್ಲಿಗೇ ಮುರಿಯುತ್ತದೆ. ಚೆಂಡೆ ಒಂದು ತಾಳ ತಪ್ಪಿದರೆ ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದ ಅಜ್ಜನೂ ಕಣ್ಣು ಬಿಡುತ್ತಾನೆ. ಹಿಮ್ಮೇಳದ ಪರೀಕ್ಷಕ ವೇಷ ಕಟ್ಟುವ ಚೌಕಿಯಲ್ಲಲ್ಲ, ಪ್ರೇಕ್ಷಕರ ನಡುವೆ ಕುಳಿತಿರುತ್ತಾನೆ. ಗಣಕಯಂತ್ರದ ಹಿಮ್ಮೇಳವನ್ನು ಪರೀಕ್ಷಿಸುವವನು ಮಾತ್ರ ಚೌಕಿಯೊಳಗೇ ಇದ್ದು ಚೆಂಡೆಯವನನ್ನು 'ಇದ್ದೀಯಾ?' ಎಂದು ಕೇಳಿ, 'ಇದ್ದೇನೆ' ಎಂಬ ಉತ್ತರ ಪಡೆದು, ಆಟ ಕಳೆಗಟ್ಟಿತೆಂದು ವರದಿ ಬರೆಯುತ್ತಾನೆ.

ಹೀಗೆ ಕೇಳುವ ಆಜ್ಞೆಗೆ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಂದು ಹೆಸರು. 2010ರಲ್ಲಿ ಬಂದ ಸಿಸ್ಟಮ್‌ಡಿ ಎಂಬ ವ್ಯವಸ್ಥಾಪಕನಿಗೆ ಸೇರಿದ ಈ ಆಜ್ಞೆ ಕೊಡುವ ಉತ್ತರಗಳನ್ನು ಹದಿನಾರು ಭೇದಗಳಾಗಿಯೂ ಪ್ರತಿ ಭೇದವನ್ನು ನಾಲ್ಕು ಉಪಭೇದಗಳಾಗಿಯೂ ವರ್ಗೀಕರಿಸಬಹುದಾಗಿದೆ. ಮೊದಲನೆಯದು 'ಸಕ್ರಿಯ, ಚಾಲನೆಯಲ್ಲಿದೆ': ಹಸಿರು ಚುಕ್ಕೆಯೊಂದಿಗೆ ಮೂಡುವ ಇದರ ಅರ್ಥ ತಂತ್ರಾಂಶಕ್ಕೆ ಉಸಿರಿದೆ ಎಂದಷ್ಟೇ, ಅದು ಯಾರಿಗಾದರೂ ಉತ್ತರ ಕೊಟ್ಟಿತೇ ಎಂಬುದು ಆ ಚುಕ್ಕೆಯ ಕಾರ್ಯಕ್ಷೇತ್ರಕ್ಕೆ ಬರುವುದಿಲ್ಲ. ಎರಡನೆಯದು ಇನ್ನೂ ಸೊಗಸಾದ 'ಸಕ್ರಿಯ, ನಿರ್ಗಮಿತ': ಬಂದು, ಮಾಡುವುದನ್ನು ಮಾಡಿ, ಹೊರಟುಹೋಗಿದ್ದರೂ ದಾಖಲೆಯಲ್ಲಿ ಸಕ್ರಿಯವಾಗಿಯೇ ಉಳಿಯುವ ಸೇವೆ. ಇದು ಕಟ್ಟುಕಥೆಯಲ್ಲ, ಸಿಸ್ಟಮ್‌ಡಿಯ ಅಧಿಕೃತ ಸ್ಥಿತಿ. ಮಧ್ಯಾಹ್ನ ಮೂರರ ನಂತರ ಸರ್ಕಾರಿ ಕಚೇರಿಗಳಿಗೆ ಹೋಗಿ ಬಲ್ಲವರಿಗೆ ಹೆಚ್ಚಿನ ವಿವರಣೆ ಬೇಡ. ಮೂರನೆಯದು 'ಮುಸುಕು ಹಾಕಿದ' ಸೇವೆ, ಯಾರು ಎಷ್ಟು ಕೂಗಿದರೂ ಏಳದಂತೆ ಶೂನ್ಯಕ್ಕೆ ಕಟ್ಟಿಹಾಕಿದ್ದು. ನಾಲ್ಕನೆಯದರಿಂದ ಹದಿನಾರನೆಯದರವರೆಗಿನ ಭೇದಗಳಿಂದ ಕಚೇರಿಯ ಸಾಲಿನಲ್ಲಿ ನಿಂತವರಿಗೆ ಯಾವ ಪ್ರಯೋಜನವೂ ಇಲ್ಲವಾದ್ದರಿಂದ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

ಸಾಲಿನ ಇತಿಹಾಸವನ್ನಾದರೂ ಹೇಳಬೇಕು. 2000ದ ದಶಕದ ಆರಂಭದಲ್ಲಿ ಕರ್ನಾಟಕದ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿ, 177 ತಾಲೂಕು ಕಚೇರಿಗಳಲ್ಲಿ ಕಿಂಡಿ ತೆರೆದು, 15 ರೂಪಾಯಿಗೆ ಪಹಣಿ ಕೊಡತೊಡಗಿದಾಗ ಜಗತ್ತು ಮೆಚ್ಚಿತು. ಗ್ರಾಮಲೆಕ್ಕಿಗನ ಕೈಬರಹಕ್ಕೂ ಕೈಬಿಸಿಗೂ ಕಾಯುತ್ತಿದ್ದವರು ನಿಜಕ್ಕೂ ಉಸಿರಾಡಿದರು. ಆ ಮೆಚ್ಚುಗೆ ಅರ್ಹವಾದದ್ದೇ. ಆದರೆ ಅಂದಿನಿಂದೀಚೆಗೆ ಪಹಣಿ, ಪಡಿತರ, ಜಾತಿ-ಆದಾಯ ಪ್ರಮಾಣಪತ್ರ, ನೋಂದಣಿ ಎಲ್ಲವೂ 400 ಕಿಲೋಮೀಟರಿಗೂ ದೂರದ ಬೆಂಗಳೂರಿನ ಯಂತ್ರಗಳ ಹಿನ್ನೆಲೆ ಸೇವೆಗಳ ಮೇಲೆ ನಿಂತವು. ಹಿಂದೆ 'ಶಾನುಭೋಗರು ಇಲ್ಲ' ಎಂಬ ಉತ್ತರವಿತ್ತು, ಅವರ ಮನೆ ಎಲ್ಲಿದೆಯೆಂದು ಊರಿಗೆ ಗೊತ್ತಿತ್ತು. ಈಗ 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಉತ್ತರವಿದೆ. ಕಿಂಡಿಯೊಳಗಿನ ಹುಡುಗನಿಗೂ ಸರ್ವರಿನ ಮನೆ ಗೊತ್ತಿಲ್ಲ, ಬೈಗುಳ ಮಾತ್ರ ಅವನಿಗೇ.

ಸಿಸ್ಟಮ್‌ಡಿಯ ಮೂಲ ನಿಯಮದಂತೆ ಒಂದು ಸೇವೆ ಹತ್ತು ಸೆಕೆಂಡಿನಲ್ಲಿ ಐದು ಸಲ ಎದ್ದು ಬಿದ್ದರೆ ಅದನ್ನು ಮತ್ತೆ ಎಬ್ಬಿಸುವುದಿಲ್ಲ, ವಿಫಲವೆಂದು ಬರೆದು ವಿಶ್ರಾಂತಿ ಕೊಡಲಾಗುತ್ತದೆ. ಯಂತ್ರಕ್ಕೆ ತೋರಿಸುವ ಈ ಕನಿಕರ ಪಡಿತರಕ್ಕಾಗಿ ಒತ್ತುವ ಬೆರಳಿಗಿಲ್ಲ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಹೆಸರಾದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿಗಿಳಿದು ಬಳಚು ಆರಿಸುವವರ, ಮೀನು ಕೊಯ್ಯುವವರ, ಅಡಿಕೆ ಸುಲಿಯುವವರ ಬೆರಳಿನ ಗೆರೆ ಸವೆದಿರುತ್ತದೆ; ನ್ಯಾಯಬೆಲೆ ಅಂಗಡಿಯ ಯಂತ್ರ 'ಮತ್ತೆ ಒತ್ತಿ' ಎನ್ನುತ್ತದೆ. ಒರೆಸಿ ಒತ್ತಬೇಕು, ಎಣ್ಣೆ ಸವರಿ ಒತ್ತಬೇಕು, ಇನ್ನೊಂದು ಬೆರಳು ಒತ್ತಬೇಕು. ಜೀವಮಾನವಿಡೀ ದುಡಿದದ್ದಕ್ಕೆ ಬೆರಳು ಸವೆದರೆ ಆ ಸವೆತವನ್ನೇ ಗುರುತಿನ ದೋಷವೆಂದು ಬರೆದುಕೊಳ್ಳುವ ವ್ಯವಸ್ಥೆಯನ್ನು ಯಾವ ಪರಿಭಾಷೆಯಲ್ಲಿ ವಿವರಿಸಿದರೂ ಅದು ಅವಮಾನವೇ. ಅಷ್ಟಾಗಿ ಬೆರಳು ಕೂಡಿದ ದಿನ ಸರ್ವರ್ ಇರುವುದಿಲ್ಲ. 2023ರಿಂದ ಹೆಂಗಸರಿಗೆ ಬಸ್ಸು ಉಚಿತವಾಗಿರುವುದರಿಂದ 'ನಾಳೆ ಬನ್ನಿ' ಎನ್ನಲು ಯಾರಿಗೂ ಅಳುಕಿಲ್ಲ. ಹೋದ ದಿನಗೂಲಿಯನ್ನು ಉಚಿತವಾಗಿ ತುಂಬಿಕೊಡುವ ಯೋಜನೆ ಇನ್ನೂ ಬಂದಿಲ್ಲ.

ಈಗ ನೈಯಾಯಿಕರನ್ನು ಕರೆಯಬಹುದು. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ 'ಕಾವೇರಿ 2.0' ತಾಣಕ್ಕೆ ನಕಲಿ ಕೋರಿಕೆಗಳ ಮಹಾಪೂರ ನುಗ್ಗಿ ರಾಜ್ಯದಾದ್ಯಂತ ಉಪನೋಂದಣಿ ಕಚೇರಿಗಳ ಕೆಲಸ ಕುಂಟಿತು. ಇಂಥ ದಾಳಿಯ ಲಕ್ಷಣವೇ ಇದು: ತಂತ್ರಾಂಶ ಸಾಯುವುದಿಲ್ಲ, ಕೈಬಿಡುವಿಲ್ಲದಷ್ಟು ದುಡಿಯುತ್ತಿರುತ್ತದೆ, ಒಳಗಿನಿಂದ ಕೇಳಿದರೆ ಹಸಿರು ಚುಕ್ಕೆ ಹಸಿರಾಗಿಯೇ ಇರಬಲ್ಲದು, ನಿಜವಾದ ಕೋರಿಕೆಗೆ ಮಾತ್ರ ಉತ್ತರವಿಲ್ಲ. ಬಾಯಾರಿಕೆ ಇಂಗಿತೇ ಎಂದು ಹೊರಗಿನಿಂದ ಕೇಳುವ ಉಪಕರಣಗಳೂ ಇವೆ. ಕರ್ಲ್ ಎಂಬ ಆಜ್ಞೆ ಸಾಮಾನ್ಯ ಬಳಕೆದಾರನಂತೆಯೇ ದೂರದಿಂದ ಕೋರಿಕೆ ಕಳಿಸಿ, ಉತ್ತರ ಬಂತೇ, ಎಷ್ಟು ಹೊತ್ತಿಗೆ ಬಂತು ಎಂದು ಅಳೆಯುತ್ತದೆ. ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡಿಸುವ ಕ್ರಾನ್ 1970ರ ದಶಕದಿಂದಲೂ ಇದೆ. ಭಟ್ಕಳ, ಹೊನ್ನಾವರ, ಕುಮಟಾಗಳ ಕಿಂಡಿಯ ಯಂತ್ರಗಳಿಂದಲೇ ಐದು ನಿಮಿಷಕ್ಕೊಮ್ಮೆ ಪರೀಕ್ಷೆಯ ಪಹಣಿಯೊಂದನ್ನು ಕೇಳಿ, ಬಂದದ್ದನ್ನೂ ಬಾರದ್ದನ್ನೂ ಗಂಟೆ-ದಿನಾಂಕ ಸಹಿತ ಕಚೇರಿಯ ಹೊರಬಾಗಿಲಿಗೆ ಅಂಟಿಸಬಹುದು. ಅದನ್ನೇ ಬೆಳಿಗ್ಗೆ ಏಳಕ್ಕೆ ಊರವರ ಫೋನಿಗೆ ಕಳಿಸಿದರೆ ಗೇರುಸೊಪ್ಪೆಯವರೂ ಮಂಕಿಯವರೂ ಬಸ್ಸು ಹತ್ತುವ ಮೊದಲೇ ನೋಡಿಕೊಂಡು, ಆ ದಿನ ಸರ್ವರ್ ಇಲ್ಲವೆಂದಾದರೆ ಕೂಲಿಗೆ ಹೋಗಬಹುದು.