ದಸರಾ ರಜೆಯ ಸುಲಿಗೆಗಾರ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ – ಈ ಮೂರು ತಾಲ್ಲೂಕಿನ ಯಾವ ಊರಿಗೆ ಹೋದರೂ ದಸರಾ ರಜೆಯಲ್ಲಿ ಇವನು ಸಿಕ್ಕೇ ಸಿಗುತ್ತಾನೆ. ಪಿಯುಸಿ ಹುಡುಗ. ಮೀಸೆ ಇದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಬೇಕು. ಕೈಯಲ್ಲೊಂದು ಹಳೆ ಮೊಬೈಲು, ತಲೆಯಲ್ಲೊಂದು ಹೊಸ ಮೊಬೈಲು. ಹಳೆಯದರ ಕ್ಯಾಲ್ಕುಲೇಟರಿನಲ್ಲಿ ಹೊಸದರ ಲೆಕ್ಕ ನಡೆದಿರುತ್ತದೆ: ದಿನಕ್ಕೆ ಇಷ್ಟು ಡಬ್ಬ ಅಡಿಕೆ ಸುಲಿದರೆ, ಡಬ್ಬಕ್ಕೆ ಇಷ್ಟು ಸಿಕ್ಕರೆ, ಹದಿನೈದು ದಿನಕ್ಕೆ ಎಷ್ಟು? ಉತ್ತರ ನೋಡಿ ಸ್ವಲ್ಪ ಹೊತ್ತು ಅವನಿಗೆ ಮಾತೇ ಹೊರಡುವುದಿಲ್ಲ. ಮೊಬೈಲು ತಗೊಂಡು ಮಿಕ್ಕಿದ್ದರಲ್ಲಿ ಬೈಕಿನ ಮುಂಗಡವೂ ಆಗುತ್ತದೆ!

ಮನೆಯಲ್ಲೂ ಅರ್ಧ ಎಕರೆ ತೋಟ ಇದೆ. ಆದರೆ ಅಪ್ಪನ ಅಡಿಕೆ ಸುಲಿದರೆ ಬರೀ ಊಟ. ಪಕ್ಕದ ಮನೆಯದ್ದಾದರೆ ಊಟದ ಮೇಲೆ ದುಡ್ಡು. ಹಾಗಾಗಿ ಸ್ವಂತ ಅಂಗಳದಲ್ಲಿ ಬರುವ ಬೆನ್ನುನೋವು ಬೇಲಿ ದಾಟಿದ ಕೂಡಲೇ ಮಾಯ.

ಅಡಿಕೆಯಲ್ಲಿ ಅವನಿಗೆ ಗೊತ್ತಿರುವುದು ದರ. ಮ್ಯಾಮ್‌ಕೋಸ್‌ನಲ್ಲಿ ಇವತ್ತು ಸರಕು ಎಷ್ಟು, ಬೆಟ್ಟೆ ಎಷ್ಟು, ರಾಶಿ ಎಷ್ಟು ಎಂದು ವಾಟ್ಸಾಪ್ ನೋಡಿ ಪಟಪಟ ಹೇಳುತ್ತಾನೆ. ಅವನ್ನೇ ಒಂದು ಬುಟ್ಟಿಯಲ್ಲಿ ಮುಂದಿಟ್ಟರೆ, ಮೂರೂ ಅಡಿಕೆ ಎನ್ನುತ್ತಾನೆ.

ಸಂಜೆ ಶೀಟಿನ ಮಾಡಿನ ಕೆಳಗೆ ಸುಲಿಯುವವರ ಸಾಲು. ಮೆಟ್ಟುಗತ್ತಿಯ ಹಲಗೆ ಮೇಲೆ ಕೂತರೆ ಎದುರಿಗೆ ಕತ್ತಿ ನೆಟ್ಟಗೆ ನಿಂತಿರುತ್ತದೆ. ಕಾಯಿಯನ್ನು ಅದಕ್ಕೆ ಒತ್ತಿ, ಒಂಚೂರು ತಿರುಗಿಸಿ ಎಬ್ಬಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಅಕ್ಕಂದಿರಿಗೆ ಎರಡೇ ಏಟು. ಕಣ್ಣು ಟಿವಿ ಧಾರಾವಾಹಿಯ ಮೇಲೆ, ಬಾಯಿ ಆಚೆಮನೆ ಸೊಸೆಯ ಮೇಲೆ, ಕೈ ಅದರಷ್ಟಕ್ಕೆ ಅದು. ಇವನದು ಹನ್ನೊಂದು ಏಟು, ಅದರಲ್ಲಿ ಎರಡು ಹೆಬ್ಬೆರಳಿಗೆ.

"ಎಂತ ಮಾರಾಯ, ಅಡಿಕೆ ಸುಲೀತಿದ್ಯೋ, ಅದಕ್ಕೆ ಕ್ಷೌರ ಮಾಡ್ತಿದ್ಯೋ?"

ಅಷ್ಟರಲ್ಲಿ ಯಜಮಾನರು ಬಂದು ಬುಟ್ಟಿಗೆ ಕೈ ಹಾಕಿದರು. ಎಳೆಯದು ಸರಕಿಗೆ, ಹಣ್ಣಾದದ್ದು ಗೋಟಿಗೆ. ಎರಡೂ ಒಂದೇ ಹಂಡೆಯಲ್ಲಿ ಬೆಂದರೆ ಕೆಟ್ಟಿತು. "ಇದಕ್ಕೆ ಹಣ್ಣಡಿಕೆ ಬೆರೆಸಿದ್ದು ಯಾರು?" ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ಬ್ಯಾಂಡೇಜು ಕಟ್ಟಿದ ಹೆಬ್ಬೆರಳನ್ನು ನೋಡಿದರು.

ಮೂರನೇ ದಿನ ಕೂಲಿ ಜಾಸ್ತಿ ಮಾಡಿ ಎಂದು ಕೇಳಿದ. ಯಜಮಾನರು ಮಾತಾಡದೆ ತೋಟದ ಕಡೆ ಕೈ ತೋರಿಸಿದರು. ಆಮೇಲೆ ಮಾತಾಡಿದರು. ಹಳದಿ ಎಲೆ ರೋಗದಿಂದ ಶುರುವಾಗಿ ಎಲೆಚುಕ್ಕಿ, ಕೊಳೆ, ಬೋರ್ಡೋ ಹೊಡೆಸಿದ ಖರ್ಚು, ಕೊನೆಗಾರನ ಕೂಲಿ, ಮಂಗನ ಕಾಟ. ಕೇಳಿ ಮುಗಿಯುವಾಗ ಇವನಿಗೆ ತಾನೇ ಏನಾದರೂ ಕೈಯಿಂದ ಕೊಟ್ಟು ಹೋಗಬೇಕೇನೋ ಅನ್ನಿಸಿತ್ತು. ರೋಗ ಸುಳ್ಳಲ್ಲ, ಶೃಂಗೇರಿ ಕಡೆ ಬೋಳಾದ ತೋಟ ಕಂಡವರಿಗೆ ನಗು ಬರುವುದಿಲ್ಲ. ಆದರೆ ಕೂಲಿ ಕೇಳಿದ ದಿನವೇ ಅದು ಉಲ್ಬಣಿಸುವುದು ಯಾಕೋ!

ಏಳನೇ ದಿನ ಅಜ್ಜಿಗೆ ಹುಷಾರಿಲ್ಲ, ಎಡೇಹಳ್ಳಿಗೆ ಹೋಗಬೇಕು ಎಂದು ರಜೆ ಕೇಳಿದ. 1915ರಲ್ಲಿ ಯುವರಾಜರು ಬಂದುಹೋದ ನೆನಪಿಗೆ ಆ ಊರು ನರಸಿಂಹರಾಜಪುರವಾಗಿದೆ. ಹಳೆ ಹೆಸರು ಹೇಳಿದರೆ ಅಜ್ಜಿಯ ಕಾಯಿಲೆಗೆ ತೂಕ ಬರುತ್ತದೆಂದು ಅವನ ಲೆಕ್ಕ. ಮಧ್ಯಾಹ್ನ ಶೃಂಗೇರಿಯಲ್ಲಿ, ತುಂಗೆಯ ಮೆಟ್ಟಿಲ ಮೇಲೆ ಮೀನಿಗೆ ಮಂಡಕ್ಕಿ ಹಾಕುತ್ತ ನಿಂತಿದ್ದಾಗ ಹಿಂದಿನಿಂದ ಯಜಮಾನರ ಹೆಂಡತಿಯ ದನಿ. ನವರಾತ್ರಿ ಪೂಜೆಗೆ ಬಂದಿದ್ದರು.

"ಅಜ್ಜಿ ಹೇಗಿದ್ದಾರಾ?"

"ಈಗ ಪರವಾಗಿಲ್ಲ ಅಮ್ಮಾ. ಮಠದಲ್ಲಿ ಊಟಕ್ಕೆ ಕೂತಿದ್ದಾರೆ."

ಹೇಗೋ ಒಂಬತ್ತು ದಿನ ಎಳೆದ. ಮುಂಗಡ ಕಳೆದು, ತಪ್ಪಿಸಿದ ದಿನ ಕಳೆದು ಕೈಗೆ ಬಂದದ್ದನ್ನು ಹಿಡಿದು ಕೊಪ್ಪದ ಮೊಬೈಲ್ ಅಂಗಡಿಗೆ ಹೋದ. ಒಂದು ಸ್ಕ್ರೀನ್ ಗಾರ್ಡ್, ಒಂದು ಬ್ಯಾಕ್ ಕವರ್ ತಗೊಂಡ. ಎರಡೂ ಹೊಸ ಮೊಬೈಲಿನವು. ಮೊಬೈಲು ಬಂದಾಗ ಬೇಕಾಗುತ್ತದಲ್ಲ!

ಮರುವಾರ ಅಮ್ಮ ಅಕ್ಕಿ ತರಲು ಸೊಸೈಟಿಗೆ ಕಳಿಸಿದರು. ಹೆಬ್ಬೆರಳು ಒತ್ತಿದ, ಮಷಿನ್ ಒಪ್ಪಲಿಲ್ಲ. ತೋರುಬೆರಳು, ಉಂಗುರಬೆರಳು, ಎಡಗೈ – ಹತ್ತೂ ಚೊಗರು ಹಿಡಿದು ಕಪ್ಪಾಗಿ, ಗೀರು ಬಿದ್ದು, ರೇಖೆಯೇ ಇಲ್ಲ.

"ತಂಬ್ ತಗೊಳ್ತಿಲ್ವಲ್ಲಾ. ಅಡಿಕೆ ಸುಲಿಯಕ್ಕೆ ಹೋಗಿದ್ಯನಾ?"

ಹಿಂದೆ ಚೀಲ ಹಿಡಿದು ನಿಂತಿದ್ದ ಅಕ್ಕಂದಿರು ಮುಸಿಮುಸಿ ನಕ್ಕರು. ಅವರ ಬೆರಳೂ ಅದೇ ಬಣ್ಣ. ಇವನು ನಾಚುತ್ತಲೇ, ಸ್ವಲ್ಪ ಎದೆ ಉಬ್ಬಿಸಿಯೇ, "ಹೌದು" ಎಂದ.

"ಹಾಗಾದ್ರೆ ಓಟಿಪಿ ಕಳಿಸ್ತೀನಿ. ಮೊಬೈಲ್ ತೆಗಿ."

ಜೇಬಿನಿಂದ ಬಂದದ್ದು ಹಳೆ ಮೊಬೈಲು. ನೆಟ್‌ವರ್ಕ್ ಇರಲಿಲ್ಲ. ಚೀಲ ಅಲ್ಲೇ ಇಟ್ಟು, ಮೊಬೈಲನ್ನು ತಲೆಯ ಮೇಲೆತ್ತಿ ಹಿಡಿದುಕೊಂಡು, ಸೊಸೈಟಿ ಹಿಂದಿನ ಗುಡ್ಡ ಹತ್ತತೊಡಗಿದ.