ಕಾವೇರಿ ವಾದಶಾಸ್ತ್ರ: ಕಟ್ಟೆ ಪಂಡಿತರ ಪ್ರಮಾಣ ವಿಚಾರ

ಪೂರ್ವಪೀಠಿಕೆ

ನಮ್ಮ ಪ್ರಾಚೀನ ತಾರ್ಕಿಕರು ಚರ್ಚೆಯಲ್ಲಿ ಮೂರು ಬಗೆ ಕಂಡರು. ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೊಂದು ಪಕ್ಷವೇ ಇಲ್ಲದೆ ಎದುರಿನವನದನ್ನು ಕೆಡವುವುದು ವಿತಂಡ. ಮಂಡ್ಯ ಸೀಮೆಯ ಅರಳಿಕಟ್ಟೆಗಳಲ್ಲಿ ಮೊದಲ ಕಾಫಿಗೆ ಜಲ್ಪ, ಎರಡನೆಯದಕ್ಕೆ ವಿತಂಡ ನಡೆಯುವುದು ಸಿದ್ಧವಾಗಿದೆ. ವಾದ ಇನ್ನೂ ಪತ್ತೆಯಾಗಿಲ್ಲ, ಸಂಶೋಧನೆ ಜಾರಿಯಲ್ಲಿದೆ.

ಈ ಶಾಸ್ತ್ರದ ಮೂಲಗ್ರಂಥ ದಿನಪತ್ರಿಕೆಯ ಮೂಲೆಯಲ್ಲಿ ಅಂಗೈಯಗಲ ಅಚ್ಚಾಗುವ ಕೆಆರ್‌ಎಸ್ ಜಲಾಶಯದ ಪಟ್ಟಿ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಗ್ರಂಥ ನಾಲ್ಕೇ ಸಾಲು; ಭಾಷ್ಯ ಮಧ್ಯಾಹ್ನದವರೆಗೆ.

ಅರ್ಥಪ್ರಮಾಣ

ಒಂದು ಕಿಲೋ ಅಕ್ಕಿಗೆ ಸಾವಿರಾರು ಲೀಟರ್ ನೀರು ಬೇಕೆಂಬ ಲೆಕ್ಕವನ್ನು ತಂಜಾವೂರಿನ ಕುರುವೈ ಬೆಳೆಗೆ ಮಾತ್ರ ಅನ್ವಯಿಸತಕ್ಕದ್ದು. ವಿಶ್ವೇಶ್ವರಯ್ಯ ನಾಲೆಯ ಕಬ್ಬಿಗೆ ಅನ್ವಯಿಸಿದವನು ಕಟ್ಟೆಯಿಂದ ಎದ್ದು ಹೋಗತಕ್ಕದ್ದು. ತಂಜಾವೂರಿನ ಕಟ್ಟೆಯಲ್ಲೂ ಇದೇ ಸೂತ್ರ ಚಾಲ್ತಿಯಲ್ಲಿದೆ. ಊರಿನ ಹೆಸರು ಮಾತ್ರ ಅದಲುಬದಲು.

ಅಳತೆಯೂ ಪಕ್ಷಪಾತಿಯೇ. 2023ರ ಬರದಲ್ಲಿ ಕರ್ನಾಟಕವು ತಮಿಳುನಾಡಿಗೆ 15 ದಿನ 5,000 ಕ್ಯೂಸೆಕ್‌ನಂತೆ ನೀರು ಬಿಡಬೇಕೆಂಬ ಆದೇಶ ಬಂತು. ಕೊಡುವವರು ಅದನ್ನು ಕ್ಯೂಸೆಕ್‌ನಲ್ಲೇ ಓದಿದರು: ಅಂಕಿ ದೊಡ್ಡದು, ಹೊಟ್ಟೆಯುರಿಯೂ ದೊಡ್ಡದು. ಪಡೆಯುವವರು ಟಿಎಂಸಿಗೆ ಇಳಿಸಿ ಓದಿದರು: ಒಟ್ಟು ಆರೂವರೆಯೂ ಇಲ್ಲ, ಇದೊಂದು ನೀರೇ? ಗುಣಾಕಾರ ಬಲ್ಲವನೊಬ್ಬ ಎರಡೂ ಒಂದೇ ಎಂದ. ಅವನನ್ನು ಯಾರೂ ನಂಬಲಿಲ್ಲ.

ಹವಾಪ್ರಮಾಣ

ಕೊಡಗಿಗೆ ಮುಂಗಾರು ಜೂನ್‌ನಿಂದ, ತಮಿಳುನಾಡಿಗೆ ಹಿಂಗಾರು ಅಕ್ಟೋಬರ್‌ನಿಂದ. ನಮ್ಮ ಮುಂಗಾರು ಕೈಕೊಟ್ಟರೆ ಅದು ಹವಾಮಾನ ವೈಪರೀತ್ಯ. ಅವರ ಹಿಂಗಾರು ಕೈಕೊಟ್ಟರೆ ಅದು ನೆಪ. ಸುಪ್ರೀಂ ಕೋರ್ಟಿನ 2018ರ ತೀರ್ಪಿನ ಪ್ರಕಾರ ಸಾಮಾನ್ಯ ವರ್ಷದ ಆಗಸ್ಟ್‌ನಲ್ಲಿ ಗಡಿಯ ಬಿಳಿಗುಂಡ್ಲು ದಾಟಬೇಕಾದ ನೀರು 45.95 ಟಿಎಂಸಿ. ಮೋಡಗಳಿಗೆ ದಶಾಂಶ ಬರುವುದಿಲ್ಲ ಎಂಬುದೊಂದೇ ಇಲ್ಲಿನ ತೊಡಕು.

ನ್ಯಾಯಪ್ರಮಾಣ

ಲೆಕ್ಕವೂ ಮೋಡವೂ ಕೈಬಿಟ್ಟಾಗ ಪಂಡಿತರು 1892ರ ಒಪ್ಪಂದಕ್ಕೆ ಹೋಗುತ್ತಾರೆ, ಅಲ್ಲಿಂದ 1924ರದಕ್ಕೆ. ಮೈಸೂರು ಮತ್ತು ಮದ್ರಾಸಿನ ಆ ಎರಡನೆಯ ಒಪ್ಪಂದ 50 ವರ್ಷಕ್ಕೆ, ಅಂದರೆ 1974ರಲ್ಲೇ ಮುಗಿಯಿತೆಂದು ಸುಪ್ರೀಂ ಕೋರ್ಟು ಹೇಳಿದೆ. ಕಟ್ಟೆಯಲ್ಲಿ ಅದಕ್ಕಿನ್ನೂ ಗಟ್ಟಿ ಆಯಸ್ಸು.

2018ರ ಅದೇ ತೀರ್ಪು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಹೆಚ್ಚಿಸಿದ್ದರಲ್ಲಿ 10 ಟಿಎಂಸಿ ಬಂದದ್ದು ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದದ್ದರಿಂದ, ಉಳಿದ 4.75 ಕುಡಿಯುವ ನೀರಿನ ಬಾಬ್ತು. ನದಿ ಯಾವ ರಾಜ್ಯದ ಸೊತ್ತೂ ಅಲ್ಲ ಎಂದೂ ಅದೇ ತೀರ್ಪು ಹೇಳಿತು. ಮೊದಲನೆಯದು ಕಟ್ಟೆಗೆ ಕಂಠಪಾಠವಾಗಿದೆ. ಎರಡನೆಯದನ್ನು ಯಾರೋ ಆಮೇಲೆ ಸೇರಿಸಿದ ಪ್ರಕ್ಷಿಪ್ತ ಭಾಗವೆಂದು ಕೈಬಿಡಲಾಗಿದೆ.

ಸಿದ್ಧಾಂತ

ಮೂರೂ ಪ್ರಮಾಣಗಳನ್ನು ಸೋಸಿದ ಮೇಲೆ ಉಳಿಯುವುದಿಷ್ಟು: ತೀರ್ಮಾನ ಮೊದಲು ಕಟ್ಟೆಗೆ ಬಂದು ಕೂರುತ್ತದೆ, ಪ್ರಮಾಣಗಳು ಅದರ ಹಿಂದೆ ಛತ್ರಿ ಹಿಡಿದು ಬರುತ್ತವೆ.

ಹಾಗಾದರೆ ನಿಜವಾದ ಪ್ರಶ್ನೆ ಯಾವುದು? ಕಾವೇರಿ ನ್ಯಾಯಮಂಡಳಿ 2007ರಲ್ಲಿ ಹಂಚಿದ 740 ಟಿಎಂಸಿ, ಸರಾಸರಿ ಎರಡು ವರ್ಷಕ್ಕೊಮ್ಮೆ ಮಾತ್ರ ನಂಬಬಹುದಾದ ನೀರು. ಕೊರತೆಯ ವರ್ಷ ಎಲ್ಲರ ಪಾಲೂ ಅದೇ ಅನುಪಾತದಲ್ಲಿ ಇಳಿಯಬೇಕೆಂದು ಅದರ ಐತೀರ್ಪಿನಲ್ಲಿದೆ. ಯಾವ ತಿಂಗಳಲ್ಲಿ, ಯಾವ ಜಲಾಶಯದ ಮಟ್ಟ ನೋಡಿ, ಎಷ್ಟು ಇಳಿಸಬೇಕು ಎನ್ನುವ ಸಂಕಷ್ಟ ಸೂತ್ರವನ್ನು ಎರಡೂ ಕಡೆಯವರು ಒಪ್ಪಿ ಬರೆದಿಲ್ಲ. ಜಗಳವೆಲ್ಲ ಈ ಬರೆಯದ ಪುಟದ ಮೇಲೆಯೇ.

ಅದನ್ನು ಬರೆಯಲು ತಕ್ಕ ಕಾಲ ಒಳ್ಳೆಯ ಮಳೆಯ ವರ್ಷ. 2025ರಲ್ಲಿ ಕೆಆರ್‌ಎಸ್ ಜೂನ್ ತಿಂಗಳಲ್ಲೇ ತುಂಬಿತು, ಮುಖ್ಯಮಂತ್ರಿಗಳು ಬಾಗಿನವನ್ನೂ ಅರ್ಪಿಸಿದರು. ಆದ್ದರಿಂದ ಸಂಕಷ್ಟ ಸೂತ್ರದ ಸಭೆಯನ್ನು ಇನ್ನು ಮುಂದೆ ಬಾಗಿನದ ದಿನವೇ, ಅಣೆಕಟ್ಟೆಯ ಮೇಲೆಯೇ, ಎರಡೂ ರಾಜ್ಯದವರನ್ನು ಕೂರಿಸಿ ನಡೆಸತಕ್ಕದ್ದೆಂದು ಈ ಪ್ರಬಂಧ ಶಿಫಾರಸು ಮಾಡುತ್ತದೆ.

ಕಟ್ಟೆಯ ಹಿರಿಯರು ಶಿಫಾರಸನ್ನು ಕೂಲಂಕಷವಾಗಿ ಪರಿಶೀಲಿಸಿ ತಳ್ಳಿಹಾಕಿದ್ದಾರೆ. "ತುಂಬಿದ ಕಟ್ಟೆ ಮುಂದೆ ಬರದ ಮಾತೇನಯ್ಯಾ, ಅಪಶಕುನ! ಬರ ಬರ್ಲಿ, ಆಗ ನೋಡ್ಕಳನ."