ಟಿಡಿಂಗ್ ಲ್ಯಾಪ್‌ಟಾಪಣ್ಣ

ಕನ್ನಡ ಚರ್ಚುಗಳಲ್ಲಿ ಅಯ್ಯನವರಿಗೆ ವರ್ಗಾವಣೆಯಿದೆ, ಕಮಿಟಿಗೆ ಚುನಾವಣೆಯಿದೆ. ಲ್ಯಾಪ್‌ಟಾಪಣ್ಣನಿಗೆ ಎರಡೂ ಇಲ್ಲ. ಯಾವುದೋ ಕ್ರಿಸ್‌ಮಸ್ ಆರಾಧನೆಯಲ್ಲಿ ಪ್ರೊಜೆಕ್ಟರ್ ಮುನಿಸಿಕೊಂಡಾಗ ವೈರು ಕಿತ್ತು ಮತ್ತೆ ಚುಚ್ಚಿದ ಪುಣ್ಯಾತ್ಮ ಇವನು. ಅವತ್ತಿನಿಂದ ಹಿಂದಿನ ಮೂಲೆಯ ಮೇಜೂ ಆರಾಧನೆಯ ಅರ್ಧ ಭಾರವೂ ಇವನದೇ.

ವಿದ್ಯೆಗೇನೂ ಕೊರತೆಯಿಲ್ಲ. ‘ನುಡಿ’ಯಲ್ಲಿ ಟೈಪು ಮಾಡಿದ ಸಂಗೀತ ಚರ್ಚಿನ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ, ಅದನ್ನು ಯೂನಿಕೋಡ್‌ಗೆ ತಿರುಗಿಸಿ, ದಿಕ್ಕಾಪಾಲಾದ ಅರ್ಕಾವೊತ್ತುಗಳನ್ನು ಹಿಡಿದು ತಂದು ಕೂರಿಸಲು ಶನಿವಾರ ಸರಿರಾತ್ರಿಯವರೆಗೆ ಜಾಗರಣೆ ಮಾಡುತ್ತಾನೆ. ಕ್ವೈರ್‌ನವರು ಹೇಳದೆ ಕೇಳದೆ ಪಲ್ಲವಿಗೆ ಮರಳಿದರೂ ಅವರಿಗಿಂತ ಮೊದಲೇ ಸ್ಲೈಡ್ ಹಾಜರು. ಇರುವುದೊಂದೇ ಕುಂದು: ಟಿಡಿಂಗ್.

“ಮೌನವಾಗಿ ನಮ್ಮ ಪಾಪಗಳನ್ನು ಅರಿಕೆ ಮಾಡಿಕೊಳ್ಳೋಣ” ಎನ್ನುತ್ತಾರೆ ಅಯ್ಯನವರು. ತಲೆಗಳು ಬಾಗುತ್ತವೆ. ಲ್ಯಾಪ್‌ಟಾಪಣ್ಣನಿಗೆ ಪಾಪಕ್ಕಿಂತ ಮುಂದಿನ ಸಂಗೀತದ್ದೇ ಚಿಂತೆ. ಒಂದು ಕಣ್ಣು ತೆರೆದು ಹಳೆಯ ಫೈಲು ಮುಚ್ಚಲು ಹೋಗುತ್ತಾನೆ. ಸೇವ್ ಮಾಡಲೋ ಬೇಡವೋ ಎಂದು ಪವರ್‌ಪಾಯಿಂಟ್ ಕೇಳುತ್ತದೆ. ಅದಕ್ಕೆ ಉತ್ತರ ಕೊಡದೆ ಪಕ್ಕದಲ್ಲೆಲ್ಲೋ ಒತ್ತುತ್ತಾನೆ. ಟಿಡಿಂಗ್! ಗಾಬರಿಗೆ ಇನ್ನೆರಡು ಸಲ ಟಿಡಿಂಗ್, ಟಿಡಿಂಗ್! ಮನೆಯಲ್ಲಾದರೆ ಅದು ಸೊಳ್ಳೆಯಷ್ಟೇ ಸದ್ದು. ಇಲ್ಲಿ ಮಿಕ್ಸರ್ ಹೊಕ್ಕು, ಗೋಡೆಯ ಸ್ಪೀಕರುಗಳಲ್ಲೆಲ್ಲ ಮೊಳಗುತ್ತದೆ. ಮುಂದಿನ ಸಾಲಿನ ಅಜ್ಜಿ ಪ್ರಾರ್ಥನೆ ಮುಗಿಯಿತೆಂದು “ಆಮೆನ್” ಅಂದುಬಿಡುತ್ತಾರೆ.

“ಫೇಡರ್ ಇಳಿಸಬಾರದೇನೋ?” ಎಂದು ಮಿಕ್ಸರಿನವನ ಮೇಲೆ ಹಲ್ಲು ಕಡಿಯುತ್ತಾನೆ.

“ವಿಡಿಯೋ ಇದೆ, ಏರಿಸಿಡು ಅಂದಿದ್ದು ನೀನೇ.”

ಇದು ಎಷ್ಟೋ ಭಾನುವಾರಗಳ ವ್ಯಾಜ್ಯ. ತೀರ್ಪು ಕೊಡಲು ಅಯ್ಯನವರಿಗೂ ಧೈರ್ಯವಿಲ್ಲ. ಇಬ್ಬರಲ್ಲಿ ಒಬ್ಬ ಎದ್ದುಹೋದರೂ ಆರಾಧನೆ ನಿಂತಂತೆ.

ಹೊರಗೆ ಬಂದಮೇಲೆ ಯಾರಾದರೂ ಹಿರಿಯರು ಕೇಳಿದರೆ ಉತ್ತರ ಸಿದ್ಧ: “ಅದು ಪವರ್‌ಪಾಯಿಂಟ್ ಸದ್ದಲ್ಲ ಅಂಕಲ್, ವಿಂಡೋಸ್‌ದು.” ಮಾತು ನಿಜವೇ. ವಿಂಡೋಸ್ 95 ಶುರುವಾಗುವಾಗ ಬರುತ್ತಿದ್ದ ನಾದವನ್ನು ರಚಿಸಿದ್ದು ಬ್ರಯನ್ ಈನೊ ಎಂಬ ಸಂಗೀತಗಾರ, ಅದೂ ಮ್ಯಾಕ್ ಕಂಪ್ಯೂಟರಿನಲ್ಲಿ ಕೂತು ಎಂದೂ ಸೇರಿಸುತ್ತಾನೆ. ಅದೂ ನಿಜ. ಅಷ್ಟರಲ್ಲಿ ಅಂಕಲ್‌ಗೆ ತಾವು ಕೇಳಿದ್ದೇನೆಂಬುದು ಮರೆತಿರುತ್ತದೆ.

ಮದ್ದು ಇಷ್ಟೇ: ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಸೌಂಡ್’ ತೆರೆದು, ‘ಸೌಂಡ್ಸ್’ ಎಂಬಲ್ಲಿ ‘ನೋ ಸೌಂಡ್ಸ್’ ಆರಿಸುವುದು. ಟಿಡಿಂಗ್ ಬಾಯಿ ಮುಚ್ಚುತ್ತದೆ, ವಿಡಿಯೋದ ದನಿ ಉಳಿಯುತ್ತದೆ. ಲ್ಯಾಪ್‌ಟಾಪಣ್ಣನಿಗೆ ಇದು ಗೊತ್ತಿಲ್ಲವೆಂದಲ್ಲ. ಭಾನುವಾರ ಪುರುಸೊತ್ತಿಲ್ಲ, ಸೋಮವಾರ ನೆನಪಿಲ್ಲ.

ನಿಮ್ಮ ಸಭೆಯಲ್ಲೂ ಇಂಥವನೊಬ್ಬ ಇದ್ದರೆ ಶನಿವಾರ ಸಂಜೆಯೇ ಫೋನ್ ಮಾಡಿ ನೆನಪಿಸಿ. ವಾಟ್ಸಾಪ್ ಮೆಸೇಜು ಮಾತ್ರ ಬೇಡ. ಅದು ಅದೇ ಲ್ಯಾಪ್‌ಟಾಪಿನಲ್ಲಿ ತೆರೆದಿರುತ್ತದೆ.